ಅಲೆಯ ಅಳತೆಗೆ ಎದ್ದ ದಿಬ್ಬಗಳು

ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ ಲುಂಡ್ ಎಂಬ ಹಳೆಯ ವಿಶ್ವವಿದ್ಯಾಲಯದ ಊರಿದೆ. ಅದರ ಈಶಾನ್ಯ ಅಂಚಿನಲ್ಲಿ 19 ಹೆಕ್ಟೇರ್, ಅಂದರೆ ಸುಮಾರು 47 ಎಕರೆಯ ಹುಲ್ಲುಗಾವಲು. ಆಕಾಶದಿಂದ ತೆಗೆದ ಚಿತ್ರದಲ್ಲಿ ನಡುವೆ ದೊಡ್ಡ ಬಳೆಯಂತಹ ಕಟ್ಟಡ ಕಾಣುತ್ತದೆ. ಅದರ ಸುತ್ತ ಹಸಿರು ದಿಬ್ಬಗಳು, ಮಜ್ಜಿಗೆ ಕಡೆಯುವಾಗ ಮಡಕೆಯೊಳಗೆ ಏಳುವ ಸುಳಿಗಳ ಹಾಗೆ ಬಳೆಯಿಂದ ಹೊರಟು ಬಾಗುತ್ತಾ ಹೊರಗೆ ಹರಡಿವೆ. ದಿಬ್ಬಗಳ ಮೇಲೆ ಕುರಿಗಳು ಮೇಯುತ್ತವೆ. ಮೊದಲ ಸಲ ಆ ಚಿತ್ರ ನೋಡಿದಾಗ ಯಾರೋ ಕಲಾವಿದರು ಚೆಂದಕ್ಕೆ ಮಾಡಿದ್ದು ಎಂದೇ ನಾನು ತಿಳಿದಿದ್ದೆ. ಆಮೇಲೆ ಅದರ ವಿವರ ಓದಿದೆ. ಉದ್ಯಾನ, ಮೈದಾನಗಳ ನೆಲವನ್ನು ವಿನ್ಯಾಸ ಮಾಡುವುದೇ ನನ್ನ ಕಸುಬು. ಆ ಕಸುಬಿನ ಬಗ್ಗೆ ನಾನು ಇಟ್ಟುಕೊಂಡಿದ್ದ ಒಂದು ತಿಳಿವಳಿಕೆಯನ್ನೇ ಆ ವಿವರ ಬದಲಿಸಿತು.

ಆ ಬಳೆಯ ಹೆಸರು ಮ್ಯಾಕ್ಸ್ ಫೋರ್. ಅದೊಂದು ಸಿಂಕ್ರೊಟ್ರಾನ್ ಪ್ರಯೋಗಾಲಯ. ಒಳಗೆ 528 ಮೀಟರ್ ಸುತ್ತಳತೆಯ ಉಂಗುರದಲ್ಲಿ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಸುತ್ತುತ್ತವೆ. ತಿರುವಿನಲ್ಲಿ ಅವು ಬಾಗಿದಾಗಲೆಲ್ಲ ತೀಕ್ಷ್ಣವಾದ ಎಕ್ಸ್ ಕಿರಣಗಳು ನೇರವಾಗಿ ಹೊರಗೆ ಚಿಮ್ಮುತ್ತವೆ. ಪ್ರೋಟೀನಿನ ರಚನೆಯಿಂದ ಹಿಡಿದು ಬ್ಯಾಟರಿಯ ಒಳಗುಟ್ಟಿನವರೆಗೆ ಹಲವು ಸಂಗತಿಗಳನ್ನು ವಿಜ್ಞಾನಿಗಳು ಆ ಕಿರಣಗಳ ಬೆಳಕಿನಲ್ಲಿ ನೋಡುತ್ತಾರೆ. ನಮ್ಮ ದೇಶದಲ್ಲೂ ಇಂದೋರಿನಲ್ಲಿ ಇಂಡಸ್-2 ಎಂಬ ಇಂಥದೇ ಯಂತ್ರವಿದೆ. ಲುಂಡಿನದು ಉದ್ಘಾಟನೆಯಾದದ್ದು 2016ರ ಜೂನ್ 21ರಂದು, ಬೇಸಿಗೆಯ ದೀರ್ಘ ಹಗಲಿನಲ್ಲಿ. ಬೆಳಕಿನ ಯಂತ್ರಕ್ಕೆ ಒಪ್ಪುವ ದಿನವೇ.

ಈ ಯಂತ್ರದಲ್ಲಿ ಎಲೆಕ್ಟ್ರಾನುಗಳ ಹರಿವು ಎಷ್ಟು ತೆಳುವೆಂದರೆ, ಅದರ ದಪ್ಪವನ್ನು ಮೈಕ್ರಾನಿನಲ್ಲಿ ಎಣಿಸಬೇಕು. ತಲೆಗೂದಲು ಅದರ ಮುಂದೆ ಹಗ್ಗ. ಹೀಗಿರುವಾಗ ನೆಲ ಅಲುಗುವಂತಿಲ್ಲ. ಆದರೆ ಪಕ್ಕದಲ್ಲೇ ಇ-22 ಹೆದ್ದಾರಿ ಹಾದುಹೋಗುತ್ತದೆ. ಲಾರಿ ಓಡಿದಾಗ ನೆಲ ನಡುಗುತ್ತದೆ. ಆ ನಡುಕ ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಯಂತೆ ಮಣ್ಣಿನ ಮೇಲ್ಪದರದಲ್ಲೇ ಹರಿಯುತ್ತದೆ. ಚಪ್ಪಟೆ ಹೊಲದ ಮೇಲೆ ಅದಕ್ಕೆ ಅಡ್ಡಿಯಿಲ್ಲ. ನೆಲವೇ ಏರುಪೇರಾಗಿದ್ದರೆ, ಅದೂ ಆ ಅಲೆಯ ಉದ್ದಕ್ಕೆ ಹೊಂದುವ ಏರುಪೇರಾಗಿದ್ದರೆ, ನಡುಕ ಚದುರಿ ಸೊರಗುತ್ತದೆ.

ನೆಲದ ವಿನ್ಯಾಸ ಮಾಡಿದವರು ಓಸ್ಲೋದ ಸ್ನೋಹೆಟ್ಟಾ ಸಂಸ್ಥೆಯವರು. ಈಜಿಪ್ಟಿನ ಅಲೆಕ್ಸಾಂಡ್ರಿಯ ಗ್ರಂಥಾಲಯ, ಓಸ್ಲೋದ ಒಪೆರಾ ಭವನ ಕಟ್ಟಿದವರೂ ಅವರೇ. ಅವರು ಕೈಗೆತ್ತಿಕೊಂಡದ್ದು ಕೆಲವು ಸಂಖ್ಯೆಗಳನ್ನು. ತಡೆಯಬೇಕಾದ ಅಲೆಗಳ ಉದ್ದ 10ರಿಂದ 40 ಮೀಟರ್. ದಿಬ್ಬಗಳ ಎತ್ತರ ಸುಮಾರು 4.5 ಮೀಟರ್. ಉಂಗುರದಿಂದ ಎಕ್ಸ್ ಕಿರಣಗಳು ಹೊರಡುವುದು ಸ್ಪರ್ಶರೇಖೆಯಲ್ಲಿ, ಅಂದರೆ ಗಾಡಿಯ ಗಾಲಿಯಿಂದ ಕೆಸರು ಸಿಡಿಯುವ ದಿಕ್ಕಿನಲ್ಲಿ. ದಿಬ್ಬಗಳ ಸಾಲಿಗೂ ಅದೇ ರೇಖೆಗಳು ಮೊದಲಾದವು. ಅವುಗಳ ಮೇಲೆ ಇನ್ನೊಂದು ದಿಕ್ಕಿನ ಸುರುಳಿ ಅಲೆಗಳನ್ನು ಹಾಯಿಸಿದರು. ಒಂದೇ ದಿಕ್ಕಿನ ಸಾಲಿದ್ದರೆ ನಡುಕ ಸಂದಿಯಲ್ಲಿ ನುಸುಳಿಬಿಡುತ್ತದೆ. ಎರಡು ಸಾಲು ಒಂದನ್ನೊಂದು ಕತ್ತರಿಸಿದಾಗ ನೆಲ ಒಡೆದುಕೊಂಡು ಅಸ್ತವ್ಯಸ್ತವಾಗುತ್ತದೆ. ಬೇಕಾಗಿದ್ದದ್ದು ಆ ಅಸ್ತವ್ಯಸ್ತವೇ.

ಇಂಥ ನೆಲವನ್ನು ಕೈಯಲ್ಲಿ ಬಿಡಿಸುವುದು ಆಗದ ಮಾತು. ಒಂದು ದಿಬ್ಬ ಸರಿಸಿದರೆ ಪಕ್ಕದ ನಾಲ್ಕು ಸರಿಯಬೇಕು, ಮಣ್ಣಿನ ಲೆಕ್ಕ ಬದಲಾಗಬೇಕು, ಮಳೆನೀರಿನ ದಾರಿ ಬದಲಾಗಬೇಕು. ಪ್ಯಾರಾಮೆಟ್ರಿಕ್ ಮಾಡೆಲಿಂಗ್ ಎಂದು ನಮ್ಮ ಕಸುಬಿನವರು ಕರೆಯುವ ವಿಧಾನ ಇಲ್ಲಿ ಕೆಲಸಕ್ಕೆ ಬಂತು.

ಹೆಸರು ಗಡುಸಾಗಿದ್ದರೂ ಸಂಗತಿ ಸರಳ. ಸಾಮಾನ್ಯ ನಕ್ಷೆಯಲ್ಲಿ ನಾವು ಗೆರೆ ಎಳೆಯುತ್ತೇವೆ. ಗೆರೆ ಅಲ್ಲೇ ಇರುತ್ತದೆ. ಪ್ಯಾರಾಮೆಟ್ರಿಕ್ ನಕ್ಷೆಯಲ್ಲಿ ಗೆರೆಗೆ ಬದಲು ಸಂಬಂಧ ಬರೆಯುತ್ತೇವೆ. ‘ಈ ದಿಬ್ಬ ಆ ದಾರಿಯಿಂದ ಇಷ್ಟು ದೂರ’, ‘ಎತ್ತರ ಹೆಚ್ಚಿದರೆ ಬುಡವೂ ಇಷ್ಟು ಅಗಲವಾಗಲಿ’ ಎಂದು ಕಟ್ಟುಪಾಡು ಹಾಕುತ್ತೇವೆ. ಆಮೇಲೆ ಒಂದು ಸಂಖ್ಯೆ ಬದಲಿಸಿದರೆ ಇಡೀ ನೆಲ ತಾನೇ ಹೊಂದಿಕೊಳ್ಳುತ್ತದೆ. ಬಾರ್ಸಿಲೋನಾದ ವಾಸ್ತುಶಿಲ್ಪಿ ಗೌಡಿ ಕಂಪ್ಯೂಟರ್ ಇಲ್ಲದೆಯೇ ಇದನ್ನು ಮಾಡಿದ್ದ. ಕೊಲೊನಿಯಾ ಗುಯೆಲ್ ಚರ್ಚಿನ ಕಮಾನುಗಳಿಗಾಗಿ ಚಾವಣಿಯಿಂದ ದಾರಗಳನ್ನು ಇಳಿಬಿಟ್ಟು, ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಅವಕ್ಕೆ ಕಟ್ಟಿದ. ಒಂದು ಚೀಲದ ಭಾರ ಬದಲಿಸಿದರೆ ಎಲ್ಲ ದಾರಗಳೂ ಜೋತು ಹೊಸ ಆಕಾರಕ್ಕೆ ಬರುತ್ತಿದ್ದವು. ಅದನ್ನು ತಲೆಕೆಳಗು ಮಾಡಿ ನೋಡಿದರೆ ಕಟ್ಟಡ.

ಇವತ್ತು ಆ ದಾರ, ಚೀಲಗಳ ಜಾಗದಲ್ಲಿ ಗ್ರಾಸ್‌ಹಾಪರ್ ಇದೆ. ಹೆಸರಿನ ಅರ್ಥ ಮಿಡತೆ. ಡೇವಿಡ್ ರಟನ್ ಎಂಬುವರು 2007ರ ಸುಮಾರಿಗೆ ರೈನೋ ಎಂಬ ಮೂರು ಆಯಾಮದ ತಂತ್ರಾಂಶಕ್ಕೆ ಜೋಡಿಸಲೆಂದು ಬರೆದದ್ದು. ಪರದೆಯ ಮೇಲೆ ಸಣ್ಣಸಣ್ಣ ಪೆಟ್ಟಿಗೆಗಳು, ಅವುಗಳ ನಡುವೆ ವೈರುಗಳು, ಎಡಗಡೆ ಎಳೆಯಲು ಸ್ಲೈಡರುಗಳು. ಸ್ಲೈಡರ್ ಎಳೆದರೆ ಪಕ್ಕದ ಕಿಟಕಿಯಲ್ಲಿ ದಿಬ್ಬ ಏಳುತ್ತದೆ, ಕೂರುತ್ತದೆ. ಮೊದಮೊದಲು ಅದನ್ನು ಎಳೆಯುತ್ತಾ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಲುಂಡಿನ ಸಂಖ್ಯೆಗಳನ್ನು ಹಿಡಿದು ನಾನೂ ನನ್ನ ಮೇಜಿನ ಮೇಲೆ ಒಂದು ಅಭ್ಯಾಸ ಮಾಡಿದೆ. ಬರಿಯ ಒಂದು ಸೈನ್ ಅಲೆ. ಅಲೆಯ ಉದ್ದ 40 ಮೀಟರ್, ತಗ್ಗಿನಿಂದ ನೆತ್ತಿಗೆ 4.5 ಮೀಟರ್ ಎಂದು ಕೊಟ್ಟಾಗ ಅತಿ ಕಡಿದಾದ ಜಾಗದ ಇಳಿಜಾರು ಸುಮಾರು 19 ಡಿಗ್ರಿ ಬಂತು. ಹುಲ್ಲು ಹಿಡಿಯುತ್ತದೆ, ಮಗು ಉರುಳಿಕೊಂಡು ಇಳಿಯಬಹುದು, ಕುರಿ ಆರಾಮಾಗಿ ಹತ್ತುತ್ತದೆ. ಎತ್ತರವನ್ನು ಹಾಗೆಯೇ ಬಿಟ್ಟು ಅಲೆಯ ಉದ್ದವನ್ನು ಮಾತ್ರ 10 ಮೀಟರಿಗೆ ಇಳಿಸಿದೆ. ಇಳಿಜಾರು 54 ಡಿಗ್ರಿ ದಾಟಿತು. ಪರದೆಯ ಮೇಲೆ ನೋಡಲು ಅದೂ ಚೆನ್ನಾಗಿಯೇ ಇತ್ತು. ಆದರೆ ಯಾವ ಸಡಿಲ ಮಣ್ಣೂ ಆ ಕೋನದಲ್ಲಿ ನಿಲ್ಲುವುದಿಲ್ಲ. ಮೊದಲ ಮಳೆಗೆ ಕುಸಿದು ತಗ್ಗು ತುಂಬುತ್ತದೆ.

ಹಾಗಾಗಿ ಎತ್ತರಕ್ಕೆ ಬೇರೆ ಸ್ಲೈಡರ್ ಇಡುವುದನ್ನೇ ಬಿಟ್ಟೆ. ಮೂರು ಅಡಿ ಹೋದರೆ ಒಂದು ಅಡಿ ಏರಬಹುದು, ಅದಕ್ಕಿಂತ ಹೆಚ್ಚು ಕೂಡದು ಎಂದು ಕಟ್ಟು ಹಾಕಿ, ಎತ್ತರವನ್ನು ಅಲೆಯ ಉದ್ದದಿಂದಲೇ ಹುಟ್ಟುವಂತೆ ಮಾಡಿದೆ. ಈಗ 10 ಮೀಟರಿನ ಅಲೆಗೆ ಸಿಕ್ಕಿದ್ದು ಹತ್ತಿರಹತ್ತಿರ 1 ಮೀಟರ್ ಎತ್ತರ. 40 ಮೀಟರಿನದಕ್ಕೆ 4.2 ಮೀಟರ್. ಅಂದರೆ ಸಣ್ಣ ಅಲೆ ತಗ್ಗಾಗಿ, ದೊಡ್ಡ ಅಲೆ ಎತ್ತರವಾಗಿ ತಾವೇ ವಿಂಗಡವಾದವು. ಇದು ನನ್ನ ಮೇಜಿನ ಸಣ್ಣ ಲೆಕ್ಕ, ಲುಂಡಿನವರ ಮಾದರಿ ಇದಕ್ಕಿಂತ ಎಷ್ಟೋ ಪಾಲು ಜಟಿಲ. ಆದರೂ ಆ ಸಂಜೆ ನನಗೊಂದು ವಿಷಯ ಸ್ಪಷ್ಟವಾಯಿತು. ಈ ಉಪಕರಣದ ಬಲ ಸ್ಲೈಡರ್ ಎಳೆಯುವುದರಲ್ಲಿಲ್ಲ. ಯಾವುದಕ್ಕೆ ಸ್ಲೈಡರ್ ಕೊಡಬಾರದು ಎಂದು ತೀರ್ಮಾನಿಸುವುದರಲ್ಲಿದೆ. ಆ ತೀರ್ಮಾನ ಕಂಪ್ಯೂಟರಿನದಲ್ಲ. ಅದು ಮಣ್ಣಿನಿಂದ, ನೀರಿನಿಂದ, ಅಲ್ಲಿ ನಡೆದಾಡುವ ಕಾಲುಗಳಿಂದ ಬರಬೇಕು.

ಹಾಗೆ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ನಾನೇ ಮಾಡಿ ನೋಡಿದ್ದೇನೆ. ಹಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಬಡಾವಣೆಗೆ ಪುಟ್ಟ ಉದ್ಯಾನ ಮಾಡಿಕೊಟ್ಟೆ. ಆಗಷ್ಟೇ ಗ್ರಾಸ್‌ಹಾಪರ್ ಕಲಿತಿದ್ದೆ. ಅಲೆಅಲೆಯಾದ ಹುಲ್ಲು ದಿಬ್ಬಗಳು, ಅವುಗಳ ನಡುವೆ ಬಳುಕುವ ದಾರಿ. ಚಿತ್ರ ನೋಡಿ ಎಲ್ಲರೂ ಮೆಚ್ಚಿದರು. ಅಲೆಯ ಉದ್ದ ಅಷ್ಟೇ ಏಕೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಜೆಸಿಬಿಯವನು ಗೂಟ, ಸುಣ್ಣದ ಗೆರೆ ನೋಡಿಕೊಂಡು ಕಣ್ಣಂದಾಜಿನಲ್ಲಿ ಮಣ್ಣು ಸುರಿದ. ಆ ಮೇ ತಿಂಗಳ ಮಳೆಗೆ ದಿಬ್ಬಗಳ ಕೆಂಪು ಮಣ್ಣು ದಾರಿಗಿಳಿಯಿತು, ಮಕ್ಕಳ ಜೋಕಾಲಿಯ ಕೆಳಗೆ ಮೊಣಕಾಲುದ್ದ ನೀರು ನಿಂತಿತು. ಅಲ್ಲಿನ ತಾಯಂದಿರು ಬೈದುಕೊಂಡರು, ಬೈದದ್ದರಲ್ಲಿ ತಪ್ಪಿಲ್ಲ. ಎರಡು ದಿಬ್ಬ ತೆಗೆಸಿ, ತಗ್ಗಿಗೆ ಜಲ್ಲಿ ತುಂಬಿಸಿ ಇಂಗುಗುಂಡಿ ಮಾಡಿಸಿದ ಮೇಲೆಯೇ ಆ ಜಾಗ ಬಳಕೆಗೆ ಬಂತು. ಆ ಜೋಕಾಲಿಯ ಕೆಳಗಿನ ನೀರನ್ನು ನಾನು ಇವತ್ತಿಗೂ ಮರೆತಿಲ್ಲ.

2008ರಲ್ಲಿ ವಾಸ್ತುಶಿಲ್ಪಿ ಝಾಹಾ ಹದೀದ್ ಅವರ ಸಂಸ್ಥೆಯ ಪ್ಯಾಟ್ರಿಕ್ ಶೂಮಾಕರ್ ‘ಪ್ಯಾರಾಮೆಟ್ರಿಸಿಸಂ’ ಎಂಬ ಹೆಸರಿಟ್ಟು ಈ ವಿಧಾನವನ್ನೊಂದು ಶೈಲಿಯೆಂದು ಸಾರಿದರು. ಶೈಲಿಯಾದದ್ದೇ ತಡ, ಬಳುಕುವ ಬೆಂಚು, ಅಲೆಯಾಡುವ ನೆಲಹಾಸು, ಜೇನುಗೂಡಿನಂಥ ನೆರಳುಚಪ್ಪರ ಎಲ್ಲ ಕಡೆ ಬಂದವು. ಅವುಗಳಲ್ಲಿ ಚೆಲುವಾದವು ಇಲ್ಲವೆಂದಲ್ಲ. ಆದರೆ ಬಹುಪಾಲಿನಲ್ಲಿ ಸಂಖ್ಯೆ ಬಂದದ್ದು ವಿನ್ಯಾಸಗಾರನ ಬೆರಳಿನಿಂದ. ನೆಲ ಏನೂ ಹೇಳಿರಲಿಲ್ಲ.

ನೆಲ ಹೇಳಿದ ಸಂಖ್ಯೆ ಎಂದರೆ ಏನು ಎಂಬುದಕ್ಕೆ ನೆದರ್ಲೆಂಡ್ಸಿನ ಒಂದು ಉದ್ಯಾನ ನನಗೆ ಬಹಳ ಇಷ್ಟ. ಆಮ್‌ಸ್ಟರ್‌ಡ್ಯಾಮಿನ ಸ್ಖಿಪೋಲ್ ವಿಮಾನ ನಿಲ್ದಾಣದಲ್ಲಿ 2003ರಲ್ಲಿ ಪೋಲ್ಡರ್‌ಬಾನ್ ಎಂಬ ಹೊಸ ರನ್‌ವೇ ತೆರೆಯಿತು. ವಿಮಾನಗಳು ಓಟ ಕಿತ್ತು ಮೇಲೇರುವ ಮುನ್ನ ಹೊರಡಿಸುವ ತಗ್ಗುದನಿಯ ಮೊರೆತ ನೆಲಮಟ್ಟದಲ್ಲೇ ಹಬ್ಬಿ ಹೂಫ್‌ಡಾರ್ಪ್ ಊರಿನ ಮನೆಗಳನ್ನು ಮುಟ್ಟತೊಡಗಿತು. ಸುತ್ತಲೂ ಅಂಗೈಯಂತೆ ಸಮತಟ್ಟಾದ ನಾಡು, ಅದನ್ನು ತಡೆಯುವವರಿಲ್ಲ. ಆಗ ಜನ ಒಂದು ಸಂಗತಿ ಗಮನಿಸಿದರು: ಶರತ್ಕಾಲದಲ್ಲಿ ರೈತರು ಹೊಲ ಉತ್ತ ಮೇಲೆ ಸದ್ದು ಕಡಿಮೆಯಾಗುತ್ತಿತ್ತು. ಉತ್ತ ಹೊಲದ ಹೆಂಟೆಗಳೂ ಸಾಲುಗಳೂ ಶಬ್ದವನ್ನು ಚದುರಿಸುತ್ತಿದ್ದವು.

ಪೌಲ್ ಡಿ ಕೋರ್ಟ್ ಎಂಬ ಕಲಾವಿದರು ಈ ಎಳೆ ಹಿಡಿದು, ಎಚ್ ಪ್ಲಸ್ ಎನ್ ಪ್ಲಸ್ ಎಸ್ ಎಂಬ ಭೂದೃಶ್ಯ ವಿನ್ಯಾಸ ಸಂಸ್ಥೆಯೊಡನೆ ಬೌಟನ್‌ಸ್ಕಾಟ್ ಉದ್ಯಾನ ಮಾಡಿದರು. ತೆರೆದದ್ದು 2013ರಲ್ಲಿ. ಅಲ್ಲಿ ಸುಮಾರು 150 ನೇರ ದಿಣ್ಣೆಗಳಿವೆ, ದೈತ್ಯನೊಬ್ಬ ಉತ್ತು ಬಿಟ್ಟ ಹೊಲದಂತೆ. ಒಂದು ದಿಣ್ಣೆಯಿಂದ ಇನ್ನೊಂದಕ್ಕೆ ಸುಮಾರು 11 ಮೀಟರ್. ಏಕೆ 11? ಶಬ್ದ ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಹೋಗುತ್ತದೆ. ಸೆಕೆಂಡಿಗೆ ಮೂವತ್ತೊಂದು ಸಲ ಮಿಡಿಯುವ ತಗ್ಗುದನಿಗೆ ಭಾಗಿಸಿದರೆ ಒಂದು ಅಲೆಯ ಉದ್ದ 11 ಮೀಟರ್ ಬರುತ್ತದೆ. ಕಿವಿಗಿಂತ ಎದೆಗೆ ಹೆಚ್ಚು ತಿಳಿಯುವ, ಕಿಟಕಿಯ ಗಾಜು ಗದಗುಟ್ಟಿಸುವ ದನಿ ಅದು.

ಅಲ್ಲಿ ತಂತ್ರಾಂಶದ ಚಮತ್ಕಾರ ಹೆಚ್ಚಿಲ್ಲ. ಇಡೀ ಉದ್ಯಾನ ನಿಂತಿರುವುದು ಒಂದು ಸಂಖ್ಯೆಯ ಮೇಲೆ, ಆ ಸಂಖ್ಯೆ ಬಂದದ್ದು ವಿಮಾನದ ಮೊರೆತದಿಂದ. ದಿಣ್ಣೆಗಳ ನಡುವೆ ಜನ ಸೈಕಲ್ ಹೊಡೆಯುತ್ತಾರೆ, ಮಕ್ಕಳು ಓಡುತ್ತಾರೆ. ಕಾಲಿನಿಂದ ತುಳಿದು ಅಲೆ ಎಬ್ಬಿಸುವ ಒಂದು ಕೊಳವೂ ಇದೆ. ಅದಕ್ಕೆ ಕ್ಲಾಡ್ನಿಯ ಹೆಸರು. ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದು, ನಾದಕ್ಕೂ ಆಕಾರವಿದೆ ಎಂದು ತೋರಿಸಿದ ಹದಿನೆಂಟನೇ ಶತಮಾನದ ಜರ್ಮನ್ ವಿಜ್ಞಾನಿ ಆತ.

ನ್ಯೂಯಾರ್ಕಿನ ಲಿಟಲ್ ಐಲ್ಯಾಂಡ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಡ್ಸನ್ ನದಿಯ ಮೇಲೆ 132 ಕಾಂಕ್ರೀಟ್ ಹೂಕುಂಡಗಳನ್ನು ಕಂಬಗಳ ಮೇಲೆ ನಿಲ್ಲಿಸಿ, ಅವುಗಳ ತುಂಬ ಮಣ್ಣು ಹಾಕಿ, ಮರ ನೆಟ್ಟು 2.4 ಎಕರೆಯ ತೋಟ ಮಾಡಿದ್ದಾರೆ. ಥಾಮಸ್ ಹೆದರ್‌ವಿಕ್ ಅವರ ಕಲ್ಪನೆ, ಗಿಡಮರಗಳ ವಿನ್ಯಾಸ ಸಿನ್ಯೆ ನೀಲ್ಸನ್ ಅವರ ತಂಡದ್ದು. 2021ರ ಮೇ ತಿಂಗಳಲ್ಲಿ ತೆರೆಯಿತು. ಕುಂಡಗಳ ಎತ್ತರ ಒಂದೊಂದು ಕಡೆ ಒಂದೊಂದು. ಮೊದಲ ನೋಟಕ್ಕೆ ಇದು ಬರಿಯ ಕಣ್ಣಿನ ಹಬ್ಬ ಎನಿಸುತ್ತದೆ. ಆದರೆ ತೋಟದ ಮೂಲೆಯನ್ನು ಎತ್ತಿರುವುದಕ್ಕೆ ಕಾರಣವಿದೆ: ಕೆಳಗೆ ನದಿಯ ನೀರಿಗೆ, ಅಲ್ಲಿನ ಜಲಚರಗಳಿಗೆ ಬಿಸಿಲು ತಲುಪಬೇಕು. ಮೀನಿನ ಪಾಲಿನ ಬಿಸಿಲೂ ಅಲ್ಲಿ ಒಂದು ಸಂಖ್ಯೆಯಾಗಿ ಒಳಗೆ ಬಂದಿದೆ.

ಗ್ರಾಸ್‌ಹಾಪರಿನಂಥ ಉಪಕರಣ ಹೊಸದು, ಆದರೆ ಅದರ ಹಿಂದಿನ ಯೋಚನೆ ನಮ್ಮ ಬಯಲುಸೀಮೆಯ ಹೊಲಗಳಿಗೆ ಹೊಸದಲ್ಲ. ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಬದು ಹಾಕುವಾಗ ಸುಣ್ಣದ ಡಬ್ಬಿ ಹಿಡಿದು ಹಿಂದೆ ನಡೆದದ್ದು ನೆನಪಿದೆ. ಮೂರು ಕೋಲು ಕಟ್ಟಿ ಮಾಡಿದ ‘ಎ’ ಆಕಾರದ ಚೌಕಟ್ಟು, ಅದರ ನೆತ್ತಿಯಿಂದ ದಾರದಲ್ಲಿ ಇಳಿಬಿಟ್ಟ ಕಲ್ಲು. ದಾರ ಅಡ್ಡಕೋಲಿನ ನಡುಗುರುತಿಗೆ ಬಂದರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಅಲ್ಲಿ ಒಂದು ಚಿಟಿಕೆ ಸುಣ್ಣ. ಚೌಕಟ್ಟನ್ನು ತಿರುಗಿಸಿ ಮುಂದಿನ ಹೆಜ್ಜೆ. ಸಂಜೆ ಹೊತ್ತಿಗೆ ಹೊಲದ ಮೇಲೆ ಬಿಳಿ ಚುಕ್ಕಿಗಳ ಬಾಗಿದ ಸಾಲು ಎದ್ದಿರುತ್ತಿತ್ತು. ಆ ಬಾಗು ಯಾರೂ ಯೋಚಿಸಿ ಬರೆದದ್ದಲ್ಲ, ನೆಲವೇ ಬರೆಸಿದ್ದು.

ಒಂದು ಬದುವಿನಿಂದ ಇನ್ನೊಂದಕ್ಕೆ ಎಷ್ಟು ದೂರ ಎಂಬುದಕ್ಕೂ ಸೂತ್ರವಿದೆ. ಕೃಷಿ ಎಂಜಿನಿಯರಿಂಗ್ ಓದಿದವರೆಲ್ಲರಿಗೂ ರ್‍ಯಾಮ್ಸರ್ ಸೂತ್ರ ಗೊತ್ತು. ಇಳಿಜಾರಿನ ಶೇಕಡಾವಾರನ್ನು ಮೂರರಿಂದ ಭಾಗಿಸಿ, ಎರಡು ಕೂಡಿಸಿ, 0.3ರಿಂದ ಗುಣಿಸಿದರೆ ಎರಡು ಬದುಗಳ ಮಟ್ಟದ ಅಂತರ ಮೀಟರಿನಲ್ಲಿ ಬರುತ್ತದೆ. ನೂರು ಮೀಟರಿಗೆ 3 ಮೀಟರ್ ಇಳಿಯುವ ಹೊಲದಲ್ಲಿ ಅದು 0.9 ಮೀಟರ್, ಅಂದರೆ 30 ಮೀಟರಿಗೊಂದು ಬದು. ಇಳಿಜಾರು ಇಮ್ಮಡಿಯಾದರೆ 20 ಮೀಟರಿಗೊಂದು. ನೆಲ ಕಡಿದಾದಷ್ಟೂ ಬದುಗಳು ಹತ್ತಿರ ಬರುತ್ತವೆ. ಇದನ್ನು ಗ್ರಾಸ್‌ಹಾಪರಿನಲ್ಲಿ ಬರೆಯಲು ಏಳೆಂಟು ಪೆಟ್ಟಿಗೆ ಸಾಕು. ಬರೆದು ನೋಡಿದೆ. ಪರದೆಯ ಮೇಲೆ ಬದುಗಳು ದಿಣ್ಣೆಯ ಬಳಿ ಒತ್ತಾಗಿ, ಕೆಳಗೆ ಸಡಿಲವಾಗಿ ತಾವೇ ಜೋಡಿಸಿಕೊಂಡಾಗ ನಮ್ಮೂರಿನ ಹೊಲವನ್ನೇ ಮೇಲಿಂದ ನೋಡಿದ ಹಾಗಾಯಿತು. ಬಳುಕುವ ಬೆಂಚಿಗಾಗಿ ನಾನು ಕಲಿತ ವಿದ್ಯೆ ಬದುವಿಗೂ ಬರುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ಆ ಜೋಕಾಲಿಯ ಕೆಳಗೆ ನೀರು ನಿಲ್ಲುತ್ತಿರಲಿಲ್ಲ.

ಲುಂಡಿನ ಕೆಲಸದಲ್ಲಿ ನನ್ನನ್ನು ಅತಿಯಾಗಿ ಸೆಳೆದದ್ದು ದಿಬ್ಬಗಳ ಆಕಾರಕ್ಕಿಂತ ಮಣ್ಣಿನ ಲೆಕ್ಕ. ಅಷ್ಟು ದೊಡ್ಡ ಕಟ್ಟಡಕ್ಕೆ ನೆಲ ಅಗೆದಾಗ ಬೆಟ್ಟದಷ್ಟು ಮಣ್ಣು ಬರುತ್ತದೆ. ಸಾಮಾನ್ಯವಾಗಿ ಅದನ್ನು ಲಾರಿಗೆ ತುಂಬಿ ಎಲ್ಲೋ ಸುರಿಯುತ್ತಾರೆ. ನಮ್ಮ ಊರುಗಳಲ್ಲಿ ಆ ‘ಎಲ್ಲೋ’ ಎಂಬುದು ಹಲವು ಸಲ ಕೆರೆಯ ಅಂಗಳವೇ ಆಗಿರುತ್ತದೆ. ಲುಂಡಿನಲ್ಲಿ ಅಗೆದ ಮಣ್ಣನ್ನು ಅಲ್ಲೇ ಉಳಿಸಿಕೊಳ್ಳಬೇಕು ಎಂಬುದನ್ನೂ ಮಾದರಿಯೊಳಗೆ ಒಂದು ಕಟ್ಟುಪಾಡಾಗಿ ಸೇರಿಸಿದರು. ತೆಗೆದದ್ದಕ್ಕೂ ಏರಿಸಿದ್ದಕ್ಕೂ ತಾಳೆಯಾಗಬೇಕು. ಗುಂಡಿ ತೋಡಿದವರಿಗೆಲ್ಲ ಗೊತ್ತಿರುವಂತೆ, ಅಗೆದ ಮಣ್ಣು ಉಬ್ಬುತ್ತದೆ, ದಮ್ಮಸ್ಸು ಮಾಡಿದರೆ ಕುಗ್ಗುತ್ತದೆ. ಆ ಉಬ್ಬು, ಕುಗ್ಗುಗಳನ್ನೆಲ್ಲ ಹಿಡಿದು ಲೆಕ್ಕ ಕೂಡಿಸಬೇಕು.

ಆಮೇಲೆ ಆ ಮಾದರಿಯನ್ನು ಕಾಗದಕ್ಕೆ ಇಳಿಸಿ ಮೇಸ್ತ್ರಿಗೆ ಕೊಡುವ ಕ್ರಮವನ್ನೇ ಬಿಟ್ಟರು. ಜಿಪಿಎಸ್ ಅಳವಡಿಸಿದ ಬುಲ್ಡೋಜರುಗಳಿಗೆ ನೇರವಾಗಿ ಅದನ್ನೇ ತುಂಬಿದರು. ಗೂಟ ಬೇಡ, ಸುಣ್ಣದ ಗೆರೆ ಬೇಡ. ತಾನು ನಿಂತ ಜಾಗದಲ್ಲಿ ನೆಲ ಎಷ್ಟು ಎತ್ತರಕ್ಕಿರಬೇಕು ಎಂದು ಯಂತ್ರಕ್ಕೇ ಗೊತ್ತು. ಮಣ್ಣನ್ನು ಒಂದು ಕಡೆ ಗುಡ್ಡೆ ಹಾಕಿ ಮತ್ತೆ ಇನ್ನೊಂದು ಕಡೆಗೆ ಸಾಗಿಸುವ ಎರಡೆರಡು ಕೆಲಸ ತಪ್ಪಿತು. ನನ್ನ ಉದ್ಯಾನದಲ್ಲಿ ಕಣ್ಣಂದಾಜಿನಲ್ಲಿ ಮಣ್ಣು ಸುರಿದ ಆ ಜೆಸಿಬಿಯವನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಅವನ ಕೈಗೆ ನಾನು ಕೊಟ್ಟದ್ದು ಒಂದು ಬಣ್ಣದ ಚಿತ್ರ ಮಾತ್ರ.

ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಮಳೆನೀರಿಗೆ ಕೊಳಗಳಾದವು, ಕೆಲವು ಸದಾ ತೇವದವು, ಕೆಲವು ಮಳೆ ಬಂದಾಗ ಮಾತ್ರ ತುಂಬುವವು. ಹುಲ್ಲಿನ ವಿಷಯದಲ್ಲಿ ಮಾತ್ರ ಯಾವ ಸ್ಲೈಡರೂ ನಡೆಯಲಿಲ್ಲ. ಹತ್ತಿರದಲ್ಲೇ ಕುಂಗ್ಸ್‌ಮಾರ್ಕೆನ್ ಎಂಬ ಸಂರಕ್ಷಿತ ಹಳೆಯ ಹುಲ್ಲುಗಾವಲಿದೆ. ಅಲ್ಲಿನ ಹುಲ್ಲು ಕೊಯ್ದು, ಬೀಜ ಸಮೇತ ಹೊಸ ದಿಬ್ಬಗಳ ಮೇಲೆ ಹರಡಿದರು. ಯಾವ ಬೀಜ ಎಲ್ಲಿ ಮೊಳೆಯಬೇಕೆಂದು ಯಾರೂ ನಕ್ಷೆಯಲ್ಲಿ ಗುರುತು ಹಾಕಲಿಲ್ಲ. ನೆತ್ತಿಯ ಒಣಮಣ್ಣಿಗೆ ಒಗ್ಗುವುದು ನೆತ್ತಿಯಲ್ಲಿ, ತಗ್ಗಿನ ತೇವಕ್ಕೆ ಒಗ್ಗುವುದು ತಗ್ಗಿನಲ್ಲಿ ಉಳಿಯಬೇಕು. ಅದು ಬೀಜಕ್ಕೆ ಬಿಟ್ಟದ್ದು. ಹುಲ್ಲು ಸವರಲು ಯಂತ್ರಗಳ ಜೊತೆಗೆ ಕುರಿಗಳು.

ಆ ನೆಲ ಮೊದಲು ಕೃಷಿಭೂಮಿಯಾಗಿತ್ತು. ಸ್ವೀಡನ್ನಿನ ಈ ಭಾಗದ ಮಣ್ಣು ಫಲವತ್ತಾದದ್ದು, ಅದನ್ನು ಬಿಟ್ಟುಕೊಡುವುದು ಅಲ್ಲಿಯವರಿಗೂ ಸುಲಭದ ಮಾತಲ್ಲ. ಮಣ್ಣನ್ನು ಹೊರಗೆ ಸಾಗಿಸದೆ ಅಲ್ಲೇ ಉಳಿಸಿಕೊಂಡದ್ದರಿಂದ ಇನ್ನೊಂದು ದಾರಿಯೂ ತೆರೆದೇ ಉಳಿಯಿತು: ಎಂದಾದರೂ ಒಂದು ದಿನ ಪ್ರಯೋಗಾಲಯ ಅಲ್ಲಿಂದ ಎದ್ದುಹೋದರೆ ದಿಬ್ಬಗಳನ್ನು ಮತ್ತೆ ತಗ್ಗುಗಳಿಗೆ ಎಳೆದು ಹೊಲ ಮಾಡಬಹುದು. ವಿನ್ಯಾಸಕಾರರು ಇದನ್ನು ಯೋಚಿಸಿಯೇ ಮಾಡಿದ್ದಾರೆ. ಒಂದು ಉದ್ಯಾನವನ್ನು ಕಟ್ಟುವಾಗಲೇ ಅದನ್ನು ಬಿಚ್ಚುವ ದಾರಿ ಇಟ್ಟುಕೊಳ್ಳುವುದು ನಾನು ಕಲಿಯಬೇಕಾದ ದೊಡ್ಡ ಪಾಠ.

ಈಗ ನನ್ನ ಮೇಜಿನ ಮೇಲೆ ಎರಡು ಎಕರೆಯ ಇನ್ನೊಂದು ಉದ್ಯಾನವಿದೆ. ಪಶ್ಚಿಮದಿಂದ ಪೂರ್ವಕ್ಕೆ ಇಳಿಯುವ ಜಾಗ, ಕೆಳಗಿನ ಮೂಲೆಯಲ್ಲಿ ಒಂದು ಹಳೆಯ ಹೊಂಗೆ ಮರ. ಕಡತ ತೆರೆದಿದ್ದೇನೆ, ಪೆಟ್ಟಿಗೆಗಳನ್ನು ಜೋಡಿಸಿದ್ದೇನೆ, ದಿಬ್ಬಗಳ ಅಂತರದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಬರುವ ಶನಿವಾರ ಬೆಳಿಗ್ಗೆ ಅಲ್ಲಿ ಮೂರು ಕಡೆ ಮೊಣಕಾಲುದ್ದದ ಗುಂಡಿ ತೋಡಿಸಬೇಕು. ಬಿಂದಿಗೆಯಲ್ಲಿ ನೀರು ಸುರಿದು, ಗಡಿಯಾರ ಹಿಡಿದು, ಎಷ್ಟು ಹೊತ್ತಿಗೆ ಎಷ್ಟು ಇಂಗುತ್ತದೆ ಎಂದು ಗುಂಡಿಯ ಪಕ್ಕದಲ್ಲೇ ಕೂತು ಬರೆದುಕೊಳ್ಳಬೇಕು.